ಸೆಗಾ ಮತ್ತೆ ಬರುತ್ತಂತೆ!

ನಮ್ಮ ಹೆತ್ತೂರು ಕಡೆ ಮಳೆಗಾಲದಲ್ಲಿ ಎರಡು ಬೆಳೆ. ಒಂದು ಗದ್ದೆಯಲ್ಲಿ, ಇನ್ನೊಂದು ಅಂಗಡಿ ಜಗಲಿಯ ಮೇಲೆ. ಎರಡನೆಯದರ ಹೆಸರು ‘ಅಂತೆ’. ಬಿಸ್ಲೆ ಘಾಟಿಯಲ್ಲಿ ಮರ ಬಿದ್ದಿದೆಯಂತೆ, ಬಸ್ಸು ಬರೋದಿಲ್ಲವಂತೆ, ಇನ್ನು ಮೂರು ದಿನ ಕರೆಂಟಿಲ್ಲವಂತೆ, ಕೆರೆ ಕೆಳಗೆ ಆನೆ ಇಳಿದಿದೆಯಂತೆ. ಎಲ್ಲ ಅಂತೆಯನ್ನೂ ನಂಬಿದರೆ ಮನೆಯಿಂದ ಹೊರಗೆ ಕಾಲಿಡುವಂತಿಲ್ಲ. ಒಂದನ್ನೂ ನಂಬದಿದ್ದರೆ ಆನೆಯ ಕಾಲಿಗೇ ಸಿಗಬೇಕಾಗುತ್ತದೆ. ಹಾಗಾಗಿ ಇಲ್ಲಿನ ಮಕ್ಕಳಿಗೂ ಒಂದು ಅಭ್ಯಾಸ ಇದೆ. ಆನೆ ಬಂತಂತೆ ಎಂದವರನ್ನು ಮೊದಲು ಕೇಳುವುದು: ಕಣ್ಣಾರೆ ಕಂಡವರು ಯಾರು? ಹೆಜ್ಜೆ ಎಲ್ಲಿದೆ? ಲದ್ದಿ ಹಸಿಯೋ, ಒಣಗಿದ್ದೋ?

ಈಚೆಗೆ ನಮ್ಮ ಮನೆಗೆ ಬಂದ ಅಂತೆ ಮಾತ್ರ ಕಾಡಿನದಲ್ಲ, ಜಪಾನಿನದು. ಹಾಸನದಲ್ಲಿ ಏಳನೇ ತರಗತಿ ಓದುವ ನನ್ನ ಮೊಮ್ಮಗ ರಜೆಗೆ ಬಂದವನೇ, ಚಪ್ಪಲಿ ಬಿಡುವ ಮೊದಲೇ ಹೇಳಿದ: “ತಾತ, ಸೆಗಾ ಮತ್ತೆ ಬರುತ್ತಂತೆ!”

“ಅದೇನು ಸೆಗಾನೋ ಸೊಗಾನೋ, ಮೊದ್ಲು ಕೈಕಾಲು ತೊಳ್ಕೊ” ಅಂದಳು ಅವನ ಅಜ್ಜಿ.

ಅವನು ಫೋನಿನಲ್ಲಿ ಒಂದು ಚಿತ್ರ ತೋರಿಸಿದ. ಬೆಳ್ಳಗೆ ಹೊಳೆಯುವ ಪೆಟ್ಟಿಗೆ, ಮೇಲೊಂದು ಸುರುಳಿ ಗುರುತು, ಕೆಳಗೆ ‘ಡ್ರೀಮ್‌ಕಾಸ್ಟ್ 2’ ಎಂದು ಹೆಸರು. ಅದರ ಕೆಳಗೆ, ಮುಂಗಡ ಕಾದಿರಿಸಲು ಇಲ್ಲಿ ಒತ್ತಿ ಎಂಬ ಗುಂಡಿ. ಹಬ್ಬಕ್ಕೆ ಮಾವಂದಿರು ಕೊಟ್ಟ ಎರಡು ಸಾವಿರ ರೂಪಾಯಿ ಹುಡುಗನ ಹತ್ತಿರ ಇತ್ತು. ಅವನ ಬೆರಳು ಆ ಗುಂಡಿಯ ಸುತ್ತಲೇ ಸುಳಿಯುತ್ತಿತ್ತು. ನಾನು ಹೇಳಿದೆ, “ದುಡ್ಡು ಎಲ್ಲಿಗೂ ಓಡಿಹೋಗೋದಿಲ್ಲ. ಮೊದಲು ಹೆಜ್ಜೆ ಹುಡುಕೋಣ.” ನಾಲ್ಕು ದಿನ ಮಳೆ ಬಿಡಲಿಲ್ಲ. ಕರೆಂಟು ಇದ್ದಾಗ ಓದಿದೆವು, ಇಲ್ಲದಾಗ ವಾದ ಮಾಡಿದೆವು.

ಅಜ್ಜ ಅಜ್ಜಿಯರಿಗಾಗಿ ಮೊದಲು ಒಂದು ಮಾತು. ಈ ಮಕ್ಕಳು ‘ಕನ್ಸೋಲ್’ ಎನ್ನುವುದು ಟಿ.ವಿ.ಗೆ ಜೋಡಿಸಿ ಆಟವಾಡುವ ಪೆಟ್ಟಿಗೆಗೆ. ನಮ್ಮ ಕಾಲದ ಟೇಪ್ ರೆಕಾರ್ಡರ್ ನೆನಪಿಸಿಕೊಳ್ಳಿ. ಪೆಟ್ಟಿಗೆ ಒಂದು, ಕ್ಯಾಸೆಟ್ಟು ನೂರು. 1990ರ ದಶಕದಲ್ಲಿ ಈ ಹುಡುಗನ ಅಪ್ಪನಿಗೆ ಬೆಂಗಳೂರಿನ ಮೆಜೆಸ್ಟಿಕ್ಕಿನಿಂದ ಅಂಥದ್ದೊಂದು ತಂದುಕೊಟ್ಟಿದ್ದೆ. ಹಳದಿ ಬಣ್ಣದ ಕ್ಯಾಸೆಟ್ಟಿನ ಮೇಲೆ ‘9999 ಆಟಗಳು’ ಎಂದು ಬರೆದಿತ್ತು. ಎಣಿಸಿದರೆ ಹತ್ತೋ ಹನ್ನೆರಡೋ, ಮಿಕ್ಕಿದ್ದೆಲ್ಲ ಅವೇ ಮತ್ತೆ ಮತ್ತೆ. ಅದು ಜಪಾನಿನ ನಿಂಟೆಂಡೊ ಕಂಪನಿಯ ಪೆಟ್ಟಿಗೆಯ ನಕಲು. ಆಗ ನಮ್ಮ ದೇಶದ ಹೆಚ್ಚಿನ ಮನೆಗಳಿಗೆ ಬಂದದ್ದು ಇಂಥ ನಕಲುಗಳೇ.

ಅಸಲು ಪೆಟ್ಟಿಗೆ ಬಂದೇ ಇರಲಿಲ್ಲ ಎಂದಲ್ಲ. ಸೆಗಾದ ‘ಮೆಗಾ ಡ್ರೈವ್’ ಅನ್ನು 1995ರಲ್ಲಿ ಶಾ ವ್ಯಾಲೆಸ್ ಕಂಪನಿ ಭಾರತದಲ್ಲಿ ಮಾರಾಟಕ್ಕೆ ತಂದಿತು. ಬೆಲೆ 18,000 ರೂಪಾಯಿ! ಬಣ್ಣದ ಟಿ.ವಿ.ಯನ್ನೇ ತರಬಹುದಾಗಿದ್ದ ದುಡ್ಡು. ಅದಕ್ಕೆ ಹಿಂದಿನ ವರ್ಷ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಅಲ್ಲಿನ ಕಾಫಿ ಗಿಡ ಸುಟ್ಟುಹೋಗಿ, ಲೋಕದಲ್ಲೆಲ್ಲ ಕಾಫಿಗೆ ಬೆಲೆ ಬಂದಿತ್ತು. ನಮ್ಮ ಸಕಲೇಶಪುರ ಸೀಮೆಯಲ್ಲಿ ಕೆಲವರು ಜೀಪು ತಂದರು, ಕೆಲವರು ಮನೆಗೆ ಆರ್‌ಸಿಸಿ ಹಾಕಿಸಿದರು. ಮೆಗಾ ಡ್ರೈವ್ ತಂದವರನ್ನು ನಾನಂತೂ ಕಾಣೆ. ಬ್ರೆಜಿಲ್ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ಸೆಗಾದ ಜಾತಕ. ಇದರ ಬೇರು ಇರುವುದು ಜಪಾನಿನಲ್ಲಲ್ಲ, ಅಮೆರಿಕದ ಹವಾಯಿ ದ್ವೀಪದಲ್ಲಿ. 1940ರ ಹೊತ್ತಿಗೆ ಅಲ್ಲಿ ಸೈನಿಕರ ಶಿಬಿರಗಳಿಗೆ ಕಾಸು ಹಾಕಿ ಆಡುವ ಯಂತ್ರಗಳನ್ನು ಒದಗಿಸುತ್ತಿದ್ದವರಿಂದ ಇದು ಶುರುವಾಯಿತು. ಮುಂದೆ ಜಪಾನಿಗೆ ಬಂದ ಅವರ ‘ಸರ್ವಿಸ್ ಗೇಮ್ಸ್’ ಎಂಬ ಹೆಸರಿನ ಎರಡೂ ಪದಗಳ ಮೊದಲ ಎರಡೆರಡು ಇಂಗ್ಲಿಷ್ ಅಕ್ಷರ ಸೇರಿ ‘ಸೆಗಾ’ ಆಯಿತು. ಜಾತ್ರೆಯಲ್ಲಿ ಕಾಸು ಕೊಟ್ಟು ಬಯಾಸ್ಕೋಪು ನೋಡುತ್ತಿದ್ದೆವಲ್ಲ, ಆ ಜಾತಿಯದೇ ವ್ಯಾಪಾರ. 1966ರಲ್ಲಿ ಅವರು ಮಾಡಿದ ‘ಪೆರಿಸ್ಕೋಪ್’ ಎಂಬ ಯಂತ್ರದಲ್ಲಿ ಜಲಾಂತರ್ಗಾಮಿಯ ಕೊಳವೆಗೆ ಕಣ್ಣಿಟ್ಟು ಹಡಗಿಗೆ ಗುರಿ ಹೊಡೆಯಬೇಕಿತ್ತು.

ಮನೆಯೊಳಗಿನ ಪೆಟ್ಟಿಗೆಗೆ ಸೆಗಾ ಕೈಹಾಕಿದ್ದು 1983ರ ಜುಲೈ 15ರಂದು. ವಿಚಿತ್ರ ನೋಡಿ, ನಿಂಟೆಂಡೊ ತನ್ನ ಹೆಸರಾಂತ ‘ಫ್ಯಾಮಿಕಾಮ್’ ಪೆಟ್ಟಿಗೆಯನ್ನು ಜಪಾನಿನಲ್ಲಿ ಬಿಡುಗಡೆ ಮಾಡಿದ್ದೂ ಅದೇ ದಿನ. ಅಂದಿನಿಂದ ಇಬ್ಬರದೂ ಹಾವು ಮುಂಗುಸಿ ಸಂಬಂಧ. 1988ರಲ್ಲಿ ಮೆಗಾ ಡ್ರೈವ್ ಬಂತು, 1991ರಲ್ಲಿ ನೀಲಿ ಮುಳ್ಳುಹಂದಿಯಂಥ ‘ಸೋನಿಕ್’ ಬಂದ. ನಿಂಟೆಂಡೊದ ಮಾರಿಯೊ ನಡೆದರೆ ಇವನು ಓಡುತ್ತಿದ್ದ. ಅಮೆರಿಕದ ಮಕ್ಕಳೆಲ್ಲ ಎರಡು ಪಕ್ಷವಾದರು.

1998ರ ನವೆಂಬರಿನಲ್ಲಿ ಜಪಾನಿನಲ್ಲಿ ಬಂದ ಡ್ರೀಮ್‌ಕಾಸ್ಟ್ ಸೆಗಾದ ಕೊನೆಯ ಪೆಟ್ಟಿಗೆ. ಅದರೊಳಗೇ ಫೋನ್ ತಂತಿ ಸಿಕ್ಕಿಸುವ ಮೋಡೆಮ್ ಇತ್ತು. ಮನೆಯಲ್ಲಿ ಕುಳಿತ ಹುಡುಗ ಬೇರೆ ಊರಿನ ಹುಡುಗನ ಜತೆ ಆಡಬಹುದಿತ್ತು. ನಮ್ಮಲ್ಲಿ ಫೋನ್ ಸಂಪರ್ಕಕ್ಕೇ ಅರ್ಜಿ ಹಾಕಿ ಕಾಯುತ್ತಿದ್ದ ಕಾಲ ಅದು. ಪೆಟ್ಟಿಗೆ ಚೆನ್ನಾಗಿತ್ತು ಎಂದು ಇವತ್ತಿಗೂ ಎಲ್ಲರೂ ಒಪ್ಪುತ್ತಾರೆ. ಆದರೆ 2000ದ ಮಾರ್ಚ್‌ನಲ್ಲಿ ಸೋನಿ ಕಂಪನಿಯ ‘ಪ್ಲೇಸ್ಟೇಷನ್ 2’ ಬಂತು. ಅದರಲ್ಲಿ ಆಟವೂ ಆಡಬಹುದು, ಡಿವಿಡಿ ಹಾಕಿ ಸಿನಿಮಾನೂ ನೋಡಬಹುದು. ಒಂದೇ ದುಡ್ಡಿಗೆ ಎರಡು ಕೆಲಸ ಎಂದಮೇಲೆ ಯಾವ ಅಪ್ಪ ತಾನೆ ಯೋಚಿಸುವುದಿಲ್ಲ?

ಮಕ್ಕಳೇ, ಇಲ್ಲಿ ವ್ಯಾಪಾರದ ಒಂದು ಗುಟ್ಟಿದೆ. ಪೆಟ್ಟಿಗೆಯನ್ನು ಎಷ್ಟೋ ಸಲ ತಯಾರಿಸಿದ ಖರ್ಚಿಗಿಂತ ಕಡಿಮೆಗೆ ಮಾರುತ್ತಾರೆ. ಆ ನಷ್ಟವನ್ನು ಆಮೇಲೆ ಆಟಗಳ ಮಾರಾಟದಲ್ಲಿ ತುಂಬಿಕೊಳ್ಳುತ್ತಾರೆ. ಪೆಟ್ಟಿಗೆ ಸಾಕಷ್ಟು ಮನೆ ಸೇರದಿದ್ದರೆ ನಷ್ಟ ನಷ್ಟವಾಗಿಯೇ ಉಳಿಯುತ್ತದೆ. ಸೆಗಾಕ್ಕೆ ಆದದ್ದು ಅದೇ. 2001ರ ಜನವರಿ 31ರಂದು ಕಂಪನಿ ಹೇಳಿತು: ಮಾರ್ಚ್ ಕೊನೆಗೆ ಡ್ರೀಮ್‌ಕಾಸ್ಟ್ ತಯಾರಿಕೆ ನಿಲ್ಲುತ್ತದೆ, ಇನ್ನು ಮುಂದೆ ನಾವು ಆಟಗಳನ್ನಷ್ಟೇ ಮಾಡುತ್ತೇವೆ.

ಆಗ ಕಂಪನಿಯ ಯಜಮಾನರಾಗಿದ್ದವರು ಇಸಾವೊ ಒಕಾವಾ. ಕಾಯಿಲೆ ಬಿದ್ದಿದ್ದರು. ಕಂಪನಿ ಮುಳುಗಬಾರದೆಂದು, ತಾವು ಅದಕ್ಕೆ ಕೊಟ್ಟಿದ್ದ ಸಾಲವನ್ನು ಮನ್ನಾ ಮಾಡಿದರು, ತಮ್ಮ ಷೇರುಗಳನ್ನೂ ಬಿಟ್ಟುಕೊಟ್ಟರು. ಆ ಷೇರುಗಳ ಬೆಲೆಯೇ ಸುಮಾರು 69.5 ಕೋಟಿ ಡಾಲರ್. ಆ ಮಾರ್ಚ್ ತಿಂಗಳಲ್ಲೇ ತೀರಿಕೊಂಡರು. ಇದನ್ನು ಓದಿದಾಗ ಮೊಮ್ಮಗ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮಾರಾಟವಾದ ಡ್ರೀಮ್‌ಕಾಸ್ಟ್‌ಗಳು 91 ಲಕ್ಷದಷ್ಟು. ಅದೇ ವರ್ಷದ ಕೊನೆಯಲ್ಲಿ ಸೋನಿಕ್, ತನ್ನ ಹಳೆಯ ವೈರಿ ನಿಂಟೆಂಡೊದ ಪೆಟ್ಟಿಗೆಯಲ್ಲೇ ಓಡತೊಡಗಿದ.

ಇಷ್ಟಾದರೂ ಅಂತೆ ಮಾತ್ರ ಸಾಯಲಿಲ್ಲ. ಅಭಿಮಾನಿಗಳು ತಾವೇ ಕುಳಿತು ಡ್ರೀಮ್‌ಕಾಸ್ಟ್ 2 ಹೀಗಿರಬಹುದು ಎಂದು ಚಂದವಾಗಿ ಚಿತ್ರ ಬರೆಯುತ್ತಾರೆ. ಅದು ತಪ್ಪಲ್ಲ, ನನಗಂತೂ ಅವರ ಮೇಲೆ ಪ್ರೀತಿಯೇ ಇದೆ. ಆದರೆ ಆ ಚಿತ್ರ ಒಬ್ಬರಿಂದೊಬ್ಬರಿಗೆ ಹೋಗುವಾಗ ‘ಹೀಗಿರಬಹುದು’ ಎಂಬುದು ದಾರಿಯಲ್ಲಿ ಉದುರಿಹೋಗಿ ‘ಹೀಗಿದೆ’ ಎಂದಾಗುತ್ತದೆ. ಆಮೇಲೆ ಯಾರೋ ಅದರ ಕೆಳಗೆ ದುಡ್ಡಿನ ಗುಂಡಿ ಅಂಟಿಸುತ್ತಾರೆ.

2020ರಲ್ಲಿ ಇದು ಜೋರಾಗಿ ಎದ್ದಿತ್ತು. ಜಪಾನಿನ ಪತ್ರಕರ್ತರೊಬ್ಬರು, ಸೆಗಾದ ಬಗ್ಗೆ ಲೋಕವೇ ಬೆರಗಾಗುವ ಸುದ್ದಿ ನನ್ನ ಹತ್ತಿರ ಇದೆ, ಜೂನ್ ಮೊದಲ ವಾರ ಹೇಳುತ್ತೇನೆ ಎಂದುಬಿಟ್ಟರು. ಸೆಗಾಕ್ಕೆ ಅದು 60ನೆಯ ವರ್ಷದ ಸಂಭ್ರಮ ಬೇರೆ. ಹೊಸ ಪೆಟ್ಟಿಗೆ ಬರುತ್ತಂತೆ, ಮೈಕ್ರೋಸಾಫ್ಟ್ ಜತೆ ಸೇರಿದೆಯಂತೆ ಎಂದು ಎಲ್ಲ ಕಡೆ ಗುಲ್ಲೋ ಗುಲ್ಲು. ಕೊನೆಗೆ ಹೊರಬಿದ್ದದ್ದು ‘ಫಾಗ್ ಗೇಮಿಂಗ್’. ಊರೂರಿನ ಆಟದ ಅಂಗಡಿಗಳಲ್ಲಿ ರಾತ್ರಿ ಸುಮ್ಮನೆ ಕುಳಿತಿರುವ ಯಂತ್ರಗಳ ಶಕ್ತಿಯನ್ನು ತಂತಿಯ ಮೂಲಕ ಮನೆಮನೆಯ ಆಟಕ್ಕೆ ಬಳಸುವ ಒಂದು ಯೋಚನೆ. ಫಾಗ್ ಎಂದರೆ ಮಂಜು. ನಮ್ಮೂರಿನವರಿಗೆ ಇದಕ್ಕಿಂತ ಸರಿಯಾದ ಹೆಸರು ಬೇರೆ ಹೊಳೆಯುತ್ತಿರಲಿಲ್ಲ.

ಅದೇ ವಾರ ಸೆಗಾ ತಾನಾಗಿ ಪ್ರಕಟಿಸಿದ್ದು ‘ಗೇಮ್ ಗೇರ್ ಮೈಕ್ರೋ’. ಹೌದು, ಇದು ನಿಜವಾದ ಹೊಸ ಯಂತ್ರವೇ. ಆದರೆ ಅದರ ಪರದೆ ಎಷ್ಟು ಗೊತ್ತೇ? 1.15 ಇಂಚು. ನನ್ನ ಹೆಬ್ಬೆರಳ ಉಗುರಿಗಿಂತ ಒಂದಿಷ್ಟು ದೊಡ್ಡದು. ಒಂದೊಂದು ಬಣ್ಣದ್ದರಲ್ಲಿ ನಾಲ್ಕೇ ಆಟ. ಅದಕ್ಕೂ ಹಿಂದಿನ ವರ್ಷ, 2019ರಲ್ಲಿ, ಹಳೆಯ ಮೆಗಾ ಡ್ರೈವನ್ನು ಅಂಗೈ ಗಾತ್ರಕ್ಕೆ ಇಳಿಸಿ 42 ಆಟ ತುಂಬಿ ಮಾರಿದ್ದರು. 2022ರಲ್ಲಿ ಅದರ ತಮ್ಮನೂ ಬಂದ. ಇವೆಲ್ಲ ನೆನಪಿನ ಗೊಂಬೆಗಳು. ಹೆಜ್ಜೆ ಗುರುತೇನೋ ಇದೆ, ಆದರೆ ಆನೆಯದಲ್ಲ, ಆನೆಮರಿಯದೂ ಅಲ್ಲ.

“ಹಾಗಾದ್ರೆ 2023ರದ್ದು?” ಎಂದ ಮೊಮ್ಮಗ. ಆ ಡಿಸೆಂಬರಿನಲ್ಲಿ ಸೆಗಾ ತನ್ನ ಐದು ಹಳೆಯ ಆಟಗಳಿಗೆ ಹೊಸ ಜೀವ ಕೊಡುವುದಾಗಿ ಸಾರಿತ್ತು. ಕ್ರೇಜಿ ಟ್ಯಾಕ್ಸಿ, ಜೆಟ್ ಸೆಟ್ ರೇಡಿಯೋ, ಶಿನೋಬಿ, ಗೋಲ್ಡನ್ ಆ್ಯಕ್ಸ್, ಸ್ಟ್ರೀಟ್ಸ್ ಆಫ್ ರೇಜ್. ಆಟ ಬಂದರೆ ಪೆಟ್ಟಿಗೆಯೂ ಬರಬೇಕಲ್ಲ ಎಂಬುದು ಹುಡುಗನ ಲೆಕ್ಕ. ಸರಿ, ಹುಡುಕಿದೆವು. ಅವುಗಳಲ್ಲಿ ಶಿನೋಬಿಯ ಹೊಸ ಆಟ 2025ರ ಆಗಸ್ಟ್‌ನಲ್ಲಿ ಬಿಡುಗಡೆಯಾಯಿತು, ಸೋನಿ, ನಿಂಟೆಂಡೊ, ಮೈಕ್ರೋಸಾಫ್ಟ್ ಪೆಟ್ಟಿಗೆಗಳಿಗೆ ಮತ್ತು ಕಂಪ್ಯೂಟರಿಗೆ. ನಾಲ್ವರ ಅಂಗಡಿಯಲ್ಲೂ ತನ್ನ ಸರಕು ಮಾರುವವನು ತಾನೇ ಐದನೆಯ ಅಂಗಡಿ ಕಟ್ಟಲು ಯಾಕೆ ಸಾಲ ಮಾಡಬೇಕು? ಪೆಟ್ಟಿಗೆಯ ನಷ್ಟ ಅವರದು, ಆಟದ ಲಾಭದಲ್ಲಿ ಪಾಲು ಇವರದು. ಅದಿರಲಿ, ಯಾವ ಕಾಸಿನ ಯಂತ್ರಗಳಿಂದ ಹುಟ್ಟಿತೋ ಆ ಆಟದ ಅಂಗಡಿಗಳ ವ್ಯಾಪಾರವನ್ನೇ ಸೆಗಾ 2020ರಿಂದ 2022ರೊಳಗೆ ಬೇರೆಯವರಿಗೆ ಮಾರಿಬಿಟ್ಟಿದೆ. ಇದು ಮನೆಗೆ ಮರಳುವವರ ಲಕ್ಷಣವಾಗಿ ನನಗೆ ಕಾಣುವುದಿಲ್ಲ.

ಹುಡುಗ ಸುಮ್ಮನಾಗಲಿಲ್ಲ. “ಯೆಜ್ಡಿ ಬರ್ಲಿಲ್ವಾ ತಾತ?” ಅಂದ.

ಇದು ನನ್ನ ಮರ್ಮಕ್ಕೆ ಬಿದ್ದ ಏಟು. ನಮ್ಮ ಕೊಟ್ಟಿಗೆಯ ಪಕ್ಕದಲ್ಲಿ ನನ್ನ ಯೆಜ್ಡಿ ರೋಡ್‌ಕಿಂಗ್ ಇನ್ನೂ ನಿಂತಿದೆ. ಮೊಮ್ಮಗ ಬಂದಾಗಲೆಲ್ಲ ಅದನ್ನು ಒರೆಸುವುದು ಅವನ ಕೆಲಸ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಜಾವಾ ಬೈಕುಗಳು ತಯಾರಾಗುತ್ತಿದ್ದವು. 1973ರಿಂದ ಅವಕ್ಕೆ ಯೆಜ್ಡಿ ಎಂಬ ಹೆಸರು. ಒಂದೇ ಸನ್ನೆ, ಅದೇ ಕಿಕ್ಕರ್, ಅದೇ ಗೇರು. ಹೊಸಬರು ಕಿಕ್ ಹೊಡೆದ ಮೇಲೆ ಗೇರು ಎಲ್ಲಿದೆ ಎಂದು ಹುಡುಕುತ್ತಿದ್ದರು. ಎರಡು ಸೈಲೆನ್ಸರಿನ ಆ ಡಬ್ ಡಬ್ ಸದ್ದು ಏರು ಹತ್ತುವಾಗಲೇ, ಯಾರ ಮನೆಯ ಯೆಜ್ಡಿ ಬರುತ್ತಿದೆ ಎಂದು ಊರಿನವರು ಹೇಳುತ್ತಿದ್ದರು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಆಮೇಲೆ ಇಪ್ಪತ್ತೆರಡು ವರ್ಷ, ಜಾವಾ ಮತ್ತೆ ಬರುತ್ತಂತೆ ಎಂಬ ಮಾತು ಕೇಳುತ್ತಲೇ ಇದ್ದೆವು. 2018ರ ನವೆಂಬರ್ 15ರಂದು ನಿಜವಾಗಿಯೂ ಬಂತು! 2022ರ ಜನವರಿಯಲ್ಲಿ ಯೆಜ್ಡಿಯೂ ಬಂತು.

ಆದರೆ ಬಂದದ್ದು ಏನು? ಮಹೀಂದ್ರಾದವರ ಪಾಲಿರುವ ಕ್ಲಾಸಿಕ್ ಲೆಜೆಂಡ್ಸ್ ಎಂಬ ಹೊಸ ಕಂಪನಿ, ಮಧ್ಯಪ್ರದೇಶದ ಪೀಥಂಪುರದಲ್ಲಿ ತಯಾರಿ, ಫೋರ್ ಸ್ಟ್ರೋಕ್ ಎಂಜಿನ್. ಹಳೆಯದರ ಟೂ ಸ್ಟ್ರೋಕ್ ಹೊಗೆಯ ವಾಸನೆ ಅದರಲ್ಲಿಲ್ಲ. ಪರಿಸರಕ್ಕೆ ಅದು ಒಳ್ಳೆಯದೇ ಬಿಡಿ. ಒಳ್ಳೆಯ ಬೈಕು, ನಾನೂ ಓಡಿಸಿ ನೋಡಿದ್ದೇನೆ. ಆದರೆ ಅದು ಮೈಸೂರಿನ ಕೈಗಳು ಮಾಡಿದ್ದಲ್ಲ. ತಾತನ ಹೆಸರನ್ನು ಮೊಮ್ಮಗನಿಗೆ ಇಡುತ್ತೇವೆ. ಹೆಸರು ಹಿಡಿದು ಕೂಗಿದರೆ ಓಗೊಡುವವನು ಮೊಮ್ಮಗನೇ ಹೊರತು ತಾತನಲ್ಲ.

ಆಟದ ಪೆಟ್ಟಿಗೆಗಳಲ್ಲೂ ಇಂಥದ್ದು ನಡೆದಿದೆ. ಅಮೆರಿಕದ ಅಟಾರಿ ಹುಟ್ಟಿದ್ದು 1972ರಲ್ಲಿ. ಈ ವ್ಯಾಪಾರಕ್ಕೆ ಹಿರಿಯಣ್ಣ. 1983ರಲ್ಲಿ ಅದರ ಮಾರಾಟ ಹೇಗೆ ಕುಸಿಯಿತೆಂದರೆ, ಬಿಕರಿಯಾಗದ ಆಟಗಳನ್ನು ನ್ಯೂಮೆಕ್ಸಿಕೊ ಮರುಭೂಮಿಯಲ್ಲಿ ಹೂತರು. ಅದೂ ಅಂತೆಕಂತೆ ಎಂದೇ ಬಹಳ ಜನ ತಿಳಿದಿದ್ದರು. 2014ರಲ್ಲಿ ಅಗೆದು ನೋಡಿದರೆ ನಿಜವಾಗಿಯೂ ಸಿಕ್ಕವು. 1996ರಲ್ಲಿ, ಅಂದರೆ ನಮ್ಮ ಮೈಸೂರಿನ ಕಾರ್ಖಾನೆ ಮುಚ್ಚಿದ ವರ್ಷವೇ, ಅಟಾರಿಯ ಪೆಟ್ಟಿಗೆ ವ್ಯಾಪಾರವೂ ಮುಗಿಯಿತು. ಹೆಸರು ಕೈಯಿಂದ ಕೈಗೆ ದಾಟಿ ಒಂದು ಫ್ರೆಂಚ್ ಕಂಪನಿಯ ಪಾಲಾಯಿತು. ಅವರು 2018ರಲ್ಲಿ ಅಭಿಮಾನಿಗಳಿಂದ ಮುಂಗಡ ಹಣ ಪಡೆದು, ‘ಅಟಾರಿ ವಿಸಿಎಸ್’ ಎಂಬ ಪೆಟ್ಟಿಗೆಯನ್ನು ಅಂಗಡಿಗೆ ತಂದದ್ದು 2021ರಲ್ಲಿ. ಅಷ್ಟು ಕಾದು ಕೈಗೆ ಬಂದದ್ದು ಒಂದು ಸಾಧಾರಣ ಕಂಪ್ಯೂಟರಿನಂಥ ಪೆಟ್ಟಿಗೆ, ಹಳೆಯ ಅಟಾರಿಯ ಮರದ ಅಂಚಿನ ವೇಷ ಹಾಕಿಕೊಂಡಿದ್ದು.

“ಲೆಕ್ಕ ಹಾಕು” ಎಂದೆ. “ಜಾವಾಕ್ಕೆ ಇಪ್ಪತ್ತೆರಡು ವರ್ಷ. 2001ಕ್ಕೆ ಇಪ್ಪತ್ತೆರಡು ಕೂಡಿಸಿದರೆ?” ಅವನು ಬೆರಳು ಮಡಚದೆ ಹೇಳಿದ, “2023. ಅದು ಆಗ್ಲೇ ಮುಗೀತು.” ಒಂದು ಕ್ಷಣ ಬಿಟ್ಟು, “ಇಪ್ಪತ್ತೆರಡೇ ಯಾಕಾಗ್ಬೇಕು?” ಎಂದೂ ಸೇರಿಸಿದ. ಅದೂ ಸರಿಯೇ.

ಈಗ ಬ್ರೆಜಿಲ್ ವಿಷಯ. ಅಲ್ಲಿ ಹಿಮ ಬಿತ್ತೆಂದರೆ ಹೆತ್ತೂರಿನಲ್ಲಿ ರೇಡಿಯೋ ಕೇಳುತ್ತಿದ್ದವರು ನಾವು. ಆ ದೇಶದಿಂದ ಸೆಗಾ ಹೋಗಲೇ ಇಲ್ಲ ಎಂಬುದು ನನಗೆ ಈ ನಾಲ್ಕು ದಿನಗಳಲ್ಲಿ ಗೊತ್ತಾದ ಸಂಗತಿ. ಹೊರಗಿನ ಪೆಟ್ಟಿಗೆಗಳ ಮೇಲೆ ಅಲ್ಲಿಯೂ ವಿಪರೀತ ಸುಂಕ. 1987ರಲ್ಲಿ ಶುರುವಾದ ‘ಟೆಕ್‌ಟಾಯ್’ ಎಂಬ ಅಲ್ಲಿನದೇ ಕಂಪನಿ ಸೆಗಾದಿಂದ ಪರವಾನಗಿ ಪಡೆದು, ಅಮೆಜಾನ್ ಕಾಡಿನ ನಡುವಿನ ಮನಾಸ್ ನಗರದಲ್ಲಿ ತಾನೇ ಪೆಟ್ಟಿಗೆ ಕಟ್ಟತೊಡಗಿತು. 1989ರಲ್ಲಿ ಅಲ್ಲಿ ಮಾರಾಟಕ್ಕೆ ಬಂದ ‘ಮಾಸ್ಟರ್ ಸಿಸ್ಟಮ್’, ಸೆಗಾ ತಾನು ಪೆಟ್ಟಿಗೆ ಬಿಟ್ಟು ಎಷ್ಟೋ ವರ್ಷ ಕಳೆದ ಮೇಲೂ ವೇಷ ಬದಲಿಸಿಕೊಂಡು ಅಂಗಡಿಯಲ್ಲಿತ್ತು. 80 ಲಕ್ಷದಷ್ಟು ಪೆಟ್ಟಿಗೆ ಅಲ್ಲಿ ಮಾರಾಟವಾಗಿವೆ. ಇನ್ನೊಂದು ಸ್ವಾರಸ್ಯ. ಸೆಗಾದ ಒಂದು ಆಟದಲ್ಲಿ ಕತ್ತಿ ಹಿಡಿದ ಹುಡುಗನನ್ನು ತೆಗೆದು, ಅಲ್ಲಿನ ಮಕ್ಕಳು ಚಿತ್ರಕಥೆಗಳಲ್ಲಿ ಓದಿ ಪ್ರೀತಿಸುವ ಮೋನಿಕಾ ಎಂಬ ಹುಡುಗಿಯನ್ನು ಹಾಕಿದರು. ಅವಳ ಆಯುಧ ಒಂದು ನೀಲಿ ಬಟ್ಟೆಯ ಮೊಲ! 18,000 ರೂಪಾಯಿಯ ಪೆಟ್ಟಿಗೆ ಇಳಿಸುವ ಬದಲು ನಮ್ಮಲ್ಲೂ ಯಾರಾದರೂ ಹೀಗೆ ಇಲ್ಲೇ ಕಟ್ಟಿ, ನಮ್ಮ ಮಕ್ಕಳಿಗೆ ಗೊತ್ತಿರುವ ಮುಖ ಹಾಕಿದ್ದರೆ ಎಂದು ನನಗೆ ಅನಿಸುವುದುಂಟು.

ನನ್ನ ಅಭಿಪ್ರಾಯ ಕೇಳಿದರೆ, ಸೋನಿ, ನಿಂಟೆಂಡೊಗಳ ಎದುರು ನಿಲ್ಲುವ ದೊಡ್ಡ ಪೆಟ್ಟಿಗೆ ಸೆಗಾದಿಂದ ಬರುವುದಿಲ್ಲ. ಸಣ್ಣ ನೆನಪಿನ ಗೊಂಬೆಗಳು ಇನ್ನೂ ಬರಬಹುದು. ಮೊಮ್ಮಗನ ಅಭಿಪ್ರಾಯ ಬೇರೆ, ಅವನು ಬರುತ್ತದೆ ಎಂದೇ ಹೇಳುತ್ತಾನೆ. ಅದಕ್ಕೆ ನನ್ನ ತಕರಾರಿಲ್ಲ. ದುಡ್ಡಿನ ವಿಷಯದಲ್ಲಿ ಮಾತ್ರ ಇಬ್ಬರೂ ಒಂದಾದೆವು. ಸೆಗಾ ತಾನೇ ಹೇಳದ ಪೆಟ್ಟಿಗೆಗೆ ಮುಂಗಡ ಕೇಳುವವರು ಯಾರು? ಅವರ ವಿಳಾಸ ಎಲ್ಲಿ? ಆ ಗುಂಡಿ ಇದ್ದ ಪುಟದಲ್ಲಿ ಸೆಗಾದ ಹೆಸರಿತ್ತು, ಕೊಡುವವರ ಹೆಸರಿರಲಿಲ್ಲ. ಎರಡು ಸಾವಿರ ಅಜ್ಜಿಯ ಡಬ್ಬಕ್ಕೆ ಹೋಯಿತು.

ಹುಡುಕುತ್ತಾ ಹುಡುಕುತ್ತಾ ಕೊನೆಯ ದಿನ ಸಿಕ್ಕಿದ್ದು ಅವನಿಗೆ ಎಲ್ಲಕ್ಕಿಂತ ಹಿಡಿಸಿತು. ಡ್ರೀಮ್‌ಕಾಸ್ಟ್ ಆಡುವವರು ಈಗಲೂ ಇದ್ದಾರೆ. ಇಷ್ಟು ವರ್ಷವಾದರೂ ಅದಕ್ಕೆ ಹೊಸ ಆಟ ಬರೆದು ತಟ್ಟೆಯಲ್ಲಿ ಅಚ್ಚು ಹಾಕಿಸಿ ಮಾರುವವರಿದ್ದಾರೆ. ಅದರ ಮೋಡೆಮ್‌ಗೆ ಬೇಕಾದ ಹಳೆಯ ಫೋನ್ ಸಂಪರ್ಕ ಹೆಚ್ಚಿನ ಮನೆಗಳಲ್ಲಿ ಈಗ ಇಲ್ಲವಲ್ಲ? ಅದಕ್ಕೆ ‘ಡ್ರೀಮ್‌ಪೈ’ ಎಂಬ ಉಪಾಯ ಮಾಡಿದ್ದಾರೆ. ರಾಸ್ಪ್‌ಬೆರಿ ಪೈ ಎಂಬ, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಕಂಪ್ಯೂಟರಿಗೆ ಒಂದು ಮೋಡೆಮ್ ಸಿಕ್ಕಿಸಿ ಡ್ರೀಮ್‌ಕಾಸ್ಟಿಗೆ ಜೋಡಿಸಿದರೆ, ಅದು ಫೋನಿನ ಡಯಲ್ ಸದ್ದನ್ನು ತಾನೇ ಹೊರಡಿಸುತ್ತದೆ. ಪಾಪ, ಪೆಟ್ಟಿಗೆ ಇನ್ನೂ 2000ನೇ ಇಸವಿ ಎಂದುಕೊಂಡು ನಂಬರು ಒತ್ತುತ್ತದೆ. ಆ ಕಡೆ ಅಭಿಮಾನಿಗಳೇ ನಡೆಸುವ ಕಂಪ್ಯೂಟರು ಅದಕ್ಕೆ ಓಗೊಡುತ್ತದೆ, ಆಟ ಶುರುವಾಗುತ್ತದೆ.

ಹುಡುಗ ಆಗಲೇ ಅಟ್ಟ ಹತ್ತಿ, ನಮ್ಮ ಹಳೆಯ ಕಪ್ಪು ಫೋನನ್ನು ಕೆಳಗಿಳಿಸಿ, ಸ್ಕ್ರೂಡ್ರೈವರ್ ಎಲ್ಲಿದೆ ಎಂದು ಕೇಳುತ್ತಿದ್ದಾನೆ.